ಉಸಿರು ಬಿಡೇ, ಅಳತೆ ತಪ್ಪುತ್ತೆ

ನಮ್ಮಮ್ಮ ಟೈಲರ್. ತಿಪಟೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಾಲಲ್ಲಿ ತುಳಿಯುವ ಮೆಷಿನ್ನು, ಮೊಳೆಗೆ ನೇತುಹಾಕಿದ ಟೇಪು, ಬಾಗಿಲಿಗೆ ಹಳೇ ಸೀರೆಯ ಪರದೆ. ಬೋರ್ಡು ಗೀರ್ಡು ಏನೂ ಇರಲಿಲ್ಲ. ಆದರೂ ಜೂನ್ ಬಂತು ಅಂದರೆ ಹೊಸಿಲ ಹತ್ತಿರ ಚಪ್ಪಲಿ ಬಿಡೋಕೆ ಜಾಗ ಸಿಗುತ್ತಿರಲಿಲ್ಲ. ನಮ್ಮ ಬೀದಿಯ, ಪಕ್ಕದ ಬೀದಿಯ ಹೈಸ್ಕೂಲ್ ಹುಡುಗಿಯರೆಲ್ಲ ಯೂನಿಫಾರಂ ಹೊಲಿಸೋಕೆ ಅಲ್ಲಿಗೇ ಬರೋರು. ಅಮ್ಮ ಅಳತೆ ತೆಗೆದು ಕೂಗುವುದು, ನಾನು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುವುದು. ಉದ್ದ 40, ಶೋಲ್ಡರ್ 13, ಎದೆ 32, ಸೊಂಟ 28, ಹಿಪ್ಪು 34. ಪುಟದ ಮೂಲೆಗೆ ಬಟ್ಟೆಯ ಒಂದು ಚೂರನ್ನು ಗುಂಡುಸೂಜಿಯಲ್ಲಿ ಚುಚ್ಚಿಡುವುದು. ಆರನೇ ಕ್ಲಾಸಿನಿಂದ ಪಿಯುಸಿ ಮುಗಿಯೋವರೆಗೂ ಪ್ರತಿ ಜೂನ್‌ನಲ್ಲಿ ನನಗೆ ಇದೇ ಕೆಲಸ.

ಟೇಪು ಸೊಂಟದ ಹತ್ತಿರ ಬಂದ ತಕ್ಷಣ ಹುಡುಗಿಯರು ಉಸಿರು ಒಳಗೆಳೆದುಕೊಳ್ಳುತ್ತಿದ್ದರು. ದಪ್ಪ ಇದ್ದವರು ಮಾತ್ರ ಅಂದುಕೊಳ್ಳಬೇಡಿ, ಕಡ್ಡಿಯ ಹಾಗೆ ಇದ್ದವರೂ ಎಳೆದುಕೊಳ್ಳುತ್ತಿದ್ದರು. ಅಮ್ಮ ಸುಮ್ನೆ ಟೇಪು ಹಿಡಿದುಕೊಂಡು ನಿಂತಿರುತ್ತಿದ್ದಳು. ಎಷ್ಟು ಹೊತ್ತು ತಡೆದುಕೊಳ್ಳೋಕೆ ಆಗುತ್ತೆ? "ಉಸಿರು ಬಿಡೇ, ಅಳತೆ ತಪ್ಪುತ್ತೆ. ಆಮೇಲೆ ಕೂತ್ಕೊಂಡಾಗ ಹುಕ್ಕು ಕಿತ್ಕೊಂಡು ಬಂದ್ರೆ ನನ್ನ ಬೈಕೋಬೇಡ" ಅನ್ನುತ್ತಿದ್ದಳು. ಎದೆಯ ಅಳತೆಗೆ ಬಂದಾಗ ಇನ್ನೊಂದು ಕಥೆ. ಆಗ ಭುಜ ಮುಂದಕ್ಕೆ ಬಾಗಿಸಿ, ಬೆನ್ನು ಗೂನು ಮಾಡಿ, ಇರೋದೂ ಇಲ್ಲ ಅನ್ನೋ ಹಾಗೆ ನಿಲ್ಲುವುದು. ಅಮ್ಮ ಅಂಗೈಯಿಂದ ಬೆನ್ನಿಗೆ ಒಂದು ಸಣ್ಣ ಏಟು ಕೊಟ್ಟು ನೇರ ನಿಲ್ಲಿಸುತ್ತಿದ್ದಳು. ಇಷ್ಟೆಲ್ಲ ಆದ ಮೇಲೆ, ಪರದೆ ಸರಿಸಿ ಆಚೆ ಹೋಗುವಾಗ, ಮೆಲ್ಲಗೆ ಒಂದು ಮಾತು: "ಟೈಲರಕ್ಕ, ಸ್ವಲ್ಪ ಲೂಸಾಗೇ ಹೊಲೀರಿ."

ಹನ್ನೆರಡು ಹದಿಮೂರು ವರ್ಷದ ಹುಡುಗಿಗೆ ಹೊಟ್ಟೆ ಒಳಗೆಳೆದುಕೊಳ್ಳಬೇಕು ಅಂತ ಯಾರು ಕಲಿಸಿದ್ದು? ಆಗಿನ್ನೂ ಮೊಬೈಲ್ ಇರಲಿಲ್ಲ. ಇವತ್ತು ಈ ವಿಷಯ ಎತ್ತಿದರೆ ಎಲ್ಲರೂ ಮೊದಲು ಮೊಬೈಲ್ ಕಡೆ ಬೆರಳು ತೋರಿಸುತ್ತಾರಲ್ಲ, ಅದಕ್ಕೇ ಹೇಳ್ತಿದೀನಿ. ನಾನು ಹೇಳುತ್ತಿರೋದು 1993, 94ರ ಮಾತು.

ಅಮ್ಮನ ಅಳತೆ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದೇ ಒಂದು ವೈದ್ಯಶಾಸ್ತ್ರದ ಪುಸ್ತಕ. ಏಳನೇ ಕ್ಲಾಸಿನ ಜೂನ್‌ನಿಂದ ಎಂಟನೇ ಕ್ಲಾಸಿನ ಜೂನ್‌ಗೆ ಒಬ್ಬಳ ಉದ್ದ 3 ಇಂಚು ಜಾಸ್ತಿ ಆಗಿರುತ್ತಿತ್ತು. ಅದರ ಮುಂದಿನ ವರ್ಷ ಉದ್ದ ನಿಧಾನ, ಹಿಪ್ಪು 2 ಇಂಚು ಮುಂದೆ. ಡಾಕ್ಟರುಗಳು ಹೇಳೋದೂ ಇದನ್ನೇ. ಹುಡುಗಿಯರು ಮೊದಲು ಸರ್ರನೆ ಉದ್ದ ಆಗುತ್ತಾರೆ, ಮುಟ್ಟು ಶುರುವಾದ ಮೇಲೆ ಎತ್ತರದ ಓಟ ನಿಧಾನ ಆಗುತ್ತೆ, ಸೊಂಟ, ತೊಡೆ, ಎದೆಯಲ್ಲಿ ಕೊಬ್ಬು ಕೂರುತ್ತೆ. ಈಸ್ಟ್ರೋಜನ್ ಅನ್ನೋ ಹಾರ್ಮೋನಿನ ಕೆಲಸ ಅದು. ದೊಡ್ಡವರಾದ ಮೇಲೆ ನಮಗಿರುವ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಹರೆಯದ ಕೆಲವೇ ವರ್ಷಗಳಲ್ಲಿ ಬರುವಂಥದ್ದು. ಅಂದರೆ ದಪ್ಪ ಆಗಲೇಬೇಕಾದ ವಯಸ್ಸಿನಲ್ಲೇ ನಾವು ಆ ಹುಡುಗಿಗೆ "ಏನೇ, ಇಷ್ಟು ದಪ್ಪ ಆಗಿದ್ದೀಯಲ್ಲೇ" ಅನ್ನುತ್ತಿದ್ದೇವೆ.

ಅಮ್ಮನಿಗೆ ಹಾರ್ಮೋನಿನ ಹೆಸರು ಗೊತ್ತಿರಲಿಲ್ಲ. ಅವಳು ಎರಡೂ ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟು ಹೊಲಿಯುತ್ತಿದ್ದಳು. ಡಿಸೆಂಬರ್ ಹೊತ್ತಿಗೆ ಹುಡುಗಿಯರು ವಾಪಸ್ ಬರುತ್ತಾರೆ, ಬಿಚ್ಚಿ ದೊಡ್ಡದು ಮಾಡಬೇಕು ಅಂತ ಅವಳಿಗೆ ಗೊತ್ತು. ಬಂದ ಹುಡುಗಿಯ ಮುಖ ಸಪ್ಪಗಿರುತ್ತಿತ್ತು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ನಮ್ಮ ಕಡೆ ಇನ್ನೊಂದು ತಮಾಷೆ ಇದೆ. ಹುಡುಗಿ ದೊಡ್ಡವಳಾದಾಗ ಒಸಗೆ ಮಾಡುತ್ತಾರೆ. ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕುತ್ತಾನೆ. ಹಸೆ ಮೇಲೆ ಕೂರಿಸಿ ಆರತಿ. ಬಂದವರೆಲ್ಲ ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ತಂದು ಕೊಡುತ್ತಾರೆ. ತಿಪಟೂರಲ್ಲಿ ಕೊಬ್ಬರಿಗೇನು ಬರ? ನನ್ನ ಒಸಗೆಗೆ ಬಂದ ಕೊಬ್ಬರಿ ಗಿಟುಕು ಮೂರು ತಿಂಗಳು ಮುಗಿಯಲಿಲ್ಲ. ತುಪ್ಪ ಹಾಕಿದ ಉದ್ದಿನ ಉಂಡೆ ಬೇರೆ. "ತಿನ್ನು ತಿನ್ನು, ಸೊಂಟ ಗಟ್ಟಿಯಾಗಬೇಕು" ಅಂತ ದೊಡ್ಡಮ್ಮ ಬಾಯಿಗೆ ತುರುಕಿದರು. ಅದೇ ದೊಡ್ಡಮ್ಮ ಮುಂದಿನ ವರ್ಷ ಗೌರಿ ಹಬ್ಬಕ್ಕೆ ಬಂದವರು, ನಾನು ಎರಡನೇ ಒಬ್ಬಟ್ಟಿಗೆ ಕೈ ಹಾಕಿದಾಗ, "ಸಾಕು ಬಿಡೇ, ಈಗಲೇ ಹಿಂಗೆ, ಮದುವೆ ಹೊತ್ತಿಗೆ ಬಾಗಿಲು ಅಗಲ ಮಾಡಿಸಬೇಕಾಗುತ್ತೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಒಬ್ಬಟ್ಟು ತಟ್ಟೆಯಲ್ಲೇ ಉಳಿಯಿತು.

ಅವರಿಗೆ ನನ್ನ ಮೇಲೆ ಕೋಪ ಇತ್ತಾ? ಖಂಡಿತ ಇಲ್ಲ. ದೊಡ್ಡಮ್ಮನಷ್ಟು ಪ್ರೀತಿ ಮಾಡೋರು ಕಡಿಮೆ. ನಮ್ಮಲ್ಲಿ ಇದು ಬೈಗುಳವೇ ಅಲ್ಲ ನೋಡಿ, ಕುಶಲ ಕೇಳುವ ರೀತಿ. ತಿಂಗಳುಗಟ್ಟಲೆ ನೋಡದವರು ಸಿಕ್ಕಿದರೆ ಮೊದಲು ಮೈ ನೋಡುತ್ತೇವೆ. "ಸೊರಗಿದ್ದೀಯಲ್ಲೇ", "ಮೈ ಬಂದಿದೆಯಲ್ಲೇ", "ಕಪ್ಪಾಗಿದ್ದೀಯಲ್ಲೇ, ಬಿಸಿಲಲ್ಲಿ ತಿರುಗ್ತೀಯಾ?" ಇದಾದ ಮೇಲೆ ಕಾಫಿ. ಹೇಳಿದವರು ಕಾಫಿ ಕುಡಿದು ಮರೆಯುತ್ತಾರೆ, ಹದಿಮೂರು ವರ್ಷದವಳು ಮರೆಯೋದಿಲ್ಲ. ನನಗೀಗ ನಲವತ್ತು ದಾಟಿದೆ, ಬಾಗಿಲು ಅಗಲ ಮಾಡಿಸುವ ಮಾತು ಅಕ್ಷರ ಬಿಡದೆ ನೆನಪಿದೆ.

ಬಣ್ಣದ ವಿಷಯ ಬರೆಯುತ್ತಾ ಕೂತರೆ ಇದು ಮುಗಿಯೋದಿಲ್ಲ. "ಕಪ್ಪಾದ್ರೂ ಲಕ್ಷಣವಾಗಿದ್ದಾಳೆ" ಅನ್ನೋ ವಾಕ್ಯದಲ್ಲಿ ಆ "ಆದ್ರೂ" ಇದೆಯಲ್ಲ, ಅಷ್ಟು ಸಾಕು. ದ್ರೌಪದಿಗೆ ಕೃಷ್ಣೆ ಅಂತ ಹೆಸರಿದ್ದ ನಾಡು ಇದು. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂತು, 2020ರಲ್ಲಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಹಾಕಿದರು. ಟ್ಯೂಬಿನ ಮೇಲಿನ ಹೆಸರು ಬದಲಾಯಿತು, ನಮ್ಮ ಮನೆಗಳಲ್ಲಿ ಆ "ಆದ್ರೂ" ಹಾಗೇ ಇದೆ. ಇದಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತಿದ್ದ ಸ್ಟೀರಾಯ್ಡ್ ಮುಲಾಮುಗಳು. ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ಗೆಳತಿಯೊಬ್ಬಳು ಯಾರೋ ಹೇಳಿದರು ಅಂತ ಅಂಥದ್ದೊಂದನ್ನು ಎಂಟು ತಿಂಗಳು ಹಚ್ಚಿದಳು. ಮೊದಲ ತಿಂಗಳು ಮುಖ ನಿಜಕ್ಕೂ ಬೆಳ್ಳಗಾಯಿತು, ನಾವೆಲ್ಲ ಹೊಟ್ಟೆಕಿಚ್ಚು ಪಟ್ಟೆವು. ಆಮೇಲೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣತೊಡಗಿತು, ಮೊಡವೆ, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಇನ್ನೂ ಜಾಸ್ತಿ. ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಹೇಳಿದ್ದು 2018ರಲ್ಲಿ. ಅಷ್ಟೊತ್ತಿಗೆ ಅವಳ ಮಗಳು ಪ್ರೈಮರಿ ಸ್ಕೂಲಿನಲ್ಲಿದ್ದಳು.

ಸಣ್ಣ ಇದ್ದರೇ ಚೆಂದ ಅನ್ನೋದು ನಮ್ಮೂರಿಗೆ ಯಾವಾಗ ಬಂತು ಅಂತ ನಾನು ಅಳತೆ ಪುಸ್ತಕದ ಪಕ್ಕದಲ್ಲೇ ಕೂತು ನೋಡಿದ್ದೇನೆ. ನಮ್ಮಜ್ಜಿಗೆ ಸಣ್ಣಗಿರುವ ಹುಡುಗಿ ಅಂದರೆ ಚಿಂತೆ. "ಮೈ ಕೈ ತುಂಬಿಕೊಂಡಿದ್ದಾಳೆ" ಅನ್ನೋದು ಅವಳ ಬಾಯಲ್ಲಿ ದೊಡ್ಡ ಮೆಚ್ಚುಗೆ. 1994ರಲ್ಲಿ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್ ಆದರು, ಅದೇ ವರ್ಷ ಮಂಗಳೂರಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್. 1996ರ ನವೆಂಬರ್‌ನಲ್ಲಿ ಮಿಸ್ ವರ್ಲ್ಡ್ ಬೆಂಗಳೂರಿಗೇ ಬಂತು, ಚಿನ್ನಸ್ವಾಮಿ ಸ್ಟೇಡಿಯಂಗೆ. ರೈತ ಸಂಘದ ನಂಜುಂಡಸ್ವಾಮಿಯವರು, ಮಹಿಳಾ ಸಂಘಟನೆಗಳು ಎಲ್ಲ ವಿರೋಧ ಮಾಡಿದರು. ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಪೇಪರಿನಲ್ಲಿ ದಿನಾ ಅದೇ ಸುದ್ದಿ. ಆ ಗಲಾಟೆಯಲ್ಲಿ ನಮಗೆ, ಎಸ್ಸೆಸ್ಸೆಲ್ಸಿ ಹುಡುಗಿಯರಿಗೆ, ಗಟ್ಟಿಯಾಗಿ ನೆನಪುಳಿದದ್ದು ಒಂದೇ: ಎದೆ, ಸೊಂಟ, ಹಿಪ್ಪು 36-24-36. ಪೈಥಾಗೊರಸ್ ಪ್ರಮೇಯ ಕೇಳಿದರೆ ತಡವರಿಸುವವರಿಗೂ ಅದು ಬಾಯಿಪಾಠ.

ಅದರ ಮುಂದಿನ ಜೂನ್‌ನಲ್ಲಿ ಹುಡುಗಿಯರು ಅಳತೆ ಕೊಟ್ಟ ಮೇಲೆ ನನ್ನ ಭುಜದ ಮೇಲಿಂದ ಪುಸ್ತಕ ಇಣುಕತೊಡಗಿದರು. ಮೊದಲು ಯಾರೂ ಇಣುಕಿದವರಲ್ಲ. ತಮ್ಮದು ಎಷ್ಟು, ಪಕ್ಕದವಳದು ಎಷ್ಟು. ಸೊಂಟ 24 ಬಂದರೆ ಫಸ್ಟ್ ರ‍್ಯಾಂಕ್ ಬಂದ ಹಾಗೆ.

ಆ ದಿನಗಳಲ್ಲೇ ಆದದ್ದು. ನಾಲ್ಕೈದು ಹುಡುಗಿಯರು ಒಟ್ಟಿಗೆ ಬಂದಿದ್ದರು, ಒಂಬತ್ತನೇ ಕ್ಲಾಸಿನವರು. ಅಮ್ಮ ಎಂದಿನಂತೆ ಕೂಗುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಒಬ್ಬಳ ಸರದಿ ಬಂತು. ಆ ಹುಡುಗಿ ಉಸಿರು ಎಳೆದು ನಿಂತಳು. ಅಮ್ಮ ಬಿಡು ಅಂದಳು, ಬಿಟ್ಟಳು. "ಸೊಂಟ 34" ಅಂತ ಅಮ್ಮ ಕೂಗಿದಳು. ಪರದೆಯ ಆಚೆಯಿಂದ ಕಿಸಕ್ ಅಂತ ನಗು. ಯಾರೋ "ಎದೇನಾ ಸೊಂಟಾನಾ ಕೇಳ್ರೇ" ಅಂದರು. ಆ ಹುಡುಗಿ ಏನೂ ಅನ್ನಲಿಲ್ಲ. ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದಳು, ತೋಳಿನ ಅಳತೆ ತೆಗೆಯುವಾಗಲೂ ಕತ್ತು ತಿರುಗಿಸಲಿಲ್ಲ. ಯೂನಿಫಾರಂ ತೆಗೆದುಕೊಂಡು ಹೋಗೋಕೆ ಅವಳು ಬರಲಿಲ್ಲ, ಅವಳ ತಾಯಿ ಬಂದರು. ಆಗಸ್ಟ್‌ನಲ್ಲಿ ಅವಳು ಪ್ರೇಯರ್‌ನಲ್ಲಿ ತಲೆಸುತ್ತಿ ಬಿದ್ದಳು ಅಂತ ಸುದ್ದಿ ಬಂತು. ಬೆಳಗ್ಗೆ ತಿಂಡಿ ಬಿಟ್ಟಿದ್ದಳಂತೆ, ಮಧ್ಯಾಹ್ನದ ಡಬ್ಬಿ ಗೆಳತಿಯರಿಗೆ ಹಂಚುತ್ತಿದ್ದಳಂತೆ. ಥ್ರೋಬಾಲ್ ಟೀಮಿನಲ್ಲಿ ಅವಳ ಸರ್ವ್ ಅಂದರೆ ಎದುರಿನವರು ಹೆದರುತ್ತಿದ್ದರು, ಅದನ್ನೂ ಬಿಟ್ಟಳು.

ಅದು ಅಮ್ಮನ ಒಂದು ಮಾತಿನಿಂದಲೇ ಆಯಿತು ಅಂತ ನಾನು ಹೇಳೋಕೆ ಬರೋದಿಲ್ಲ. ಆ ಹುಡುಗಿ ಮನೆಯಲ್ಲಿ, ಶಾಲೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಏನೇನು ಕೇಳಿಸಿಕೊಂಡಿದ್ದಳೋ. ಆದರೆ ಸುದ್ದಿ ಕೇಳಿದ ದಿನ ಅಮ್ಮ ಮೆಷಿನ್ ತುಳಿಯೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಮತ್ತೆ ಯಾವತ್ತೂ ಅಳತೆ ಕೂಗಲಿಲ್ಲ. ಟೇಪಿನ ಮೇಲೆ ಹೆಬ್ಬೆರಳ ಉಗುರು ಒತ್ತಿ ಹಿಡಿದು ನನ್ನ ಕಡೆ ತೋರಿಸುತ್ತಿದ್ದಳು. ನಾನು ನೋಡಿ ಬರೆದುಕೊಳ್ಳಬೇಕು. ಹುಡುಗಿಯರು ಇಣುಕಿದರೆ ಪುಸ್ತಕ ಮುಚ್ಚಬೇಕು. ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಎಷ್ಟೋ ವರ್ಷದ ಮೇಲೆ ಫಿಜಿ ದ್ವೀಪದ ಒಂದು ಅಧ್ಯಯನದ ಬಗ್ಗೆ ಓದಿದೆ, ಓದುತ್ತಾ ತಿಪಟೂರೇ ನೆನಪಾಯಿತು. ಅಲ್ಲಿಯೂ ಅಜ್ಜಿಯಂದಿರಿಗೆ ತುಂಬಿದ ಮೈಯೇ ಚೆಂದ, ಯಾರಾದರೂ ಸೊರಗಿದರೆ ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಅರ್ಥ. ನಾಡ್ರೋಗಾ ಅನ್ನೋ ಪ್ರಾಂತ್ಯಕ್ಕೆ ಟೀವಿ ಬಂದದ್ದು 1995ರಲ್ಲಿ. ಹಾರ್ವರ್ಡಿನ ಆನ್ ಬೆಕರ್ ಅನ್ನೋ ಮನೋವೈದ್ಯೆ ಆಗ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಅಲ್ಲಿನ ಶಾಲಾ ಹುಡುಗಿಯರನ್ನು ಮಾತಾಡಿಸಿದರು. ತೂಕ ಇಳಿಸೋಕೆ ಬೇಕಂತಲೇ ವಾಂತಿ ಮಾಡುತ್ತೇವೆ ಅಂದವರು ಮೊದಲು ಒಬ್ಬರೂ ಇರಲಿಲ್ಲ. ಮೂರು ವರ್ಷದ ಮೇಲೆ ನೂರಕ್ಕೆ 11 ಮಂದಿ. ಚಿಕ್ಕ ಅಧ್ಯಯನ ಅದು, ಎರಡೂ ಸಲ ಅರವತ್ತು ಚಿಲ್ಲರೆ ಹುಡುಗಿಯರು ಅಷ್ಟೇ. ಆದರೂ ಮೂರೇ ವರ್ಷ. ನಮ್ಮೂರಿನಲ್ಲಿ ಕೇಬಲ್ ಬಂದ ಮೇಲೆ ಆದದ್ದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಇಷ್ಟೆಲ್ಲ ನೋಡಿದವಳು, ಓದಿದವಳು ನಾನು. ನನ್ನ ಮಗಳ ವಿಷಯದಲ್ಲಿ ಜಾಣೆಯಾಗಿರಬೇಕಿತ್ತು, ಅಲ್ವಾ?

ಅವಳಿಗೆ ಈಗ ಹದಿಮೂರು. ಹೋದ ವರ್ಷ ಅವಳ ಗೆಳತಿಯ ಬರ್ತ್‌ಡೇಗೆ ಒಂದು ಟೀ ಶರ್ಟ್ ಹಾಕಿಕೊಂಡು ರೂಮಿನಿಂದ ಬಂದಳು. ಹಳದಿ ಬಣ್ಣದ್ದು, ಅವಳೇ ಆರಿಸಿದ್ದು. ನಾನು ಕುಕ್ಕರ್ ಮುಚ್ಚುತ್ತಾ, ತಿರುಗಿ ಸರಿಯಾಗಿ ನೋಡದೆ, "ಅದು ಬೇಡ ಕಣೇ, ಹೊಟ್ಟೆ ಕಾಣುತ್ತೆ" ಅಂದೆ. ಅಷ್ಟೇ. ಐದೇ ಪದ. ಒಳಗೆ ಹೋದಳು, ಮೇಲೊಂದು ಹೂಡಿ ಹಾಕಿಕೊಂಡು ಬಂದಳು. ಆ ಹೂಡಿ ಏಪ್ರಿಲ್‌ನಲ್ಲೂ ಇಳಿಯಲಿಲ್ಲ. ಬೆಂಗಳೂರು ಕಾದ ಹೆಂಚಿನ ಹಾಗಿತ್ತು, ಇವಳ ಕುತ್ತಿಗೆಯಲ್ಲಿ ಬೆವರುಸಾಲೆ. "ತೆಗೆಯೇ" ಅಂದರೆ "ಚಳಿ" ಅನ್ನುತ್ತಿದ್ದಳು. ಮನೆಯವರ ಜೊತೆ ಫೋಟೋ ಅಂದರೆ ಹಿಂದೆ ಹೋಗಿ ಯಾರದಾದರೂ ಭುಜದ ಮರೆಯಲ್ಲಿ ನಿಲ್ಲುವುದು. ನಾನೇ ಫೋಟೋ ತೆಗೆದು, ಅವಳು ಕಾಣುತ್ತಿಲ್ಲ ಅಂತ ಗೊತ್ತಾಗಿ, ಮತ್ತೆ ಕರೆಯುತ್ತಿದ್ದೆ. ಬರುತ್ತಿರಲಿಲ್ಲ. ದೊಡ್ಡಮ್ಮ ತೀರಿಕೊಂಡು ಹತ್ತು ವರ್ಷ ಆಯಿತು, ಅವರ ಜಾಗದಲ್ಲಿ ನಾನು ನಿಂತಿದ್ದೆ.

ಮೊಬೈಲಿನ ಪಾಲು ಇಲ್ಲ ಅಂತ ಹೇಳುತ್ತಿಲ್ಲ. 2021ರಲ್ಲಿ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳು ಆಚೆ ಬಂದವಲ್ಲ, ಅದರಲ್ಲಿ ಅವರದೇ ಸಮೀಕ್ಷೆ ಇತ್ತು: ತಮ್ಮ ಮೈ ಬಗ್ಗೆ ಬೇಜಾರಿದ್ದಾಗ ಇನ್‌ಸ್ಟಾಗ್ರಾಂ ನೋಡಿದರೆ ಅದು ಇನ್ನೂ ಜಾಸ್ತಿ ಆಗುತ್ತೆ ಅಂತ ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ 32 ಮಂದಿ ಹೇಳಿದ್ದರು. ಐಶ್ವರ್ಯಾ ರೈ ನಮಗೆ ದೂರದವರು, ಟೀವಿ ಆರಿಸಿದರೆ ಮುಗೀತು. ಇವಳ ಫೋನಿನಲ್ಲಿ ಇರೋದು ಪಕ್ಕದ ಬೆಂಚಿನವಳ ಮುಖ, ಫಿಲ್ಟರ್ ಹಾಕಿ ಮೂಗು ಚೂಪು ಮಾಡಿದ್ದು. ಬೆಳಗ್ಗೆ ಅದೇ ಹುಡುಗಿಯನ್ನು ಮೊಡವೆ ಸಮೇತ ನೋಡಿರುತ್ತಾಳೆ, ಆದರೂ ಸಂಜೆ ಫೋಟೋ ನೋಡಿದಾಗ ಕಣ್ಣು ನಂಬುತ್ತೆ. ಇದು ನಮ್ಮ ಕಾಲಕ್ಕಿಂತ ಕಷ್ಟ, ಒಪ್ಪಿದೆ. ಆದರೆ ಹಳದಿ ಟೀ ಶರ್ಟಿನ ಮಾತು ಬಂದದ್ದು ಅಡುಗೆಮನೆಯಿಂದ.

ಹಾಗಾದರೆ ತೂಕದ ಬಗ್ಗೆ ಬಾಯೇ ಬಿಡಬಾರದಾ ಅಂತ ನೀವು ಕೇಳಬಹುದು. ನನಗೂ ಅದೇ ಪ್ರಶ್ನೆ. ಇವಳ ಕುತ್ತಿಗೆಯ ಹಿಂದೆ ಕಪ್ಪು ಪಟ್ಟೆ ಬರತೊಡಗಿದಾಗ ನಾನು ಮಾಡಿದ್ದೇನು ಗೊತ್ತಾ? ಭಾನುವಾರದ ಸ್ನಾನಕ್ಕೆ ಕೂರಿಸಿ ಕಡಲೆಹಿಟ್ಟು, ನಿಂಬೆಹಣ್ಣಿನ ಸಿಪ್ಪೆ ಹಾಕಿ ತಿಕ್ಕಿದೆ. "ಕೊಳೆ ಹೇಗೆ ಕಟ್ಟಿದೆ ನೋಡು" ಅಂದೆ. ಚರ್ಮ ಕೆಂಪಾಯಿತು, ಕಪ್ಪು ಹೋಗಲಿಲ್ಲ. ಕೊನೆಗೆ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅವರು ನೋಡಿದ ಕೂಡಲೇ ಹೇಳಿದರು, ಇದು ಕೊಳೆ ಅಲ್ಲವೇ ಅಲ್ಲ, ಅಕಾಂಥೋಸಿಸ್ ನೈಗ್ರಿಕನ್ಸ್ ಅಂತಾರೆ, ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನೋದರ ಗುರುತು ಆಗಿರಬಹುದು, ತಿಕ್ಕಿದರೆ ಇನ್ನೂ ಕಪ್ಪಾಗುತ್ತೆ. ರಕ್ತ ಪರೀಕ್ಷೆ ಬರೆದರು. ನಾನು ಫೋನಿನಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, ಹಾಕಿಕೊಂಡು ಹೋಗಿದ್ದೆ, ಅದನ್ನು ನೋಡಿ ತಲೆ ಆಡಿಸಿದರು. ದೊಡ್ಡವರ ಲೆಕ್ಕ ಮಕ್ಕಳಿಗೆ ಹಾಕಬಾರದಂತೆ. ಭಾರತದ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ನಮ್ಮ ಮಕ್ಕಳಿಗೇ ಅಂತ ಚಾರ್ಟ್ ಮಾಡಿದೆ, ವಯಸ್ಸಿಗೆ ತಕ್ಕ ಹಾಗೆ ಗೆರೆ ಬದಲಾಗುತ್ತೆ. ಅದರ ಮೇಲೆ ಪೆನ್ನಿನಿಂದ ಒಂದು ಚುಕ್ಕಿ ಇಟ್ಟು, "ಸಂಜೆ ಯಾವ ಆಟ ಆಡ್ತೀಯಮ್ಮ?" ಅಂತ ನೇರವಾಗಿ ಅವಳನ್ನೇ ಕೇಳಿದರು. ಅವಳು ಸುಮ್ಮನಿದ್ದಳು. "ಹಿಂದೆ ಏನು ಆಡ್ತಿದ್ದೆ?" "ಬ್ಯಾಡ್ಮಿಂಟನ್." "ಯಾಕೆ ಬಿಟ್ಟೆ?"

ನನ್ನನ್ನು ಒಂದು ಸಲ ನೋಡಿದಳು. ಆಮೇಲೆ, "ಕುಣಿಯುತ್ತೆ" ಅಂದಳು, ನೆಲ ನೋಡುತ್ತಾ.

ಡಾಕ್ಟರಿಗೆ ಅರ್ಥವಾಯಿತು. ನನಗೂ. ಒಂದು ವರ್ಷದಿಂದ ನಾನು ಅನ್ನ ಕಡಿಮೆ ಮಾಡು, ಬಿಸ್ಕತ್ತು ಬಿಡು ಅನ್ನುತ್ತಿದ್ದೆ. ಆಡೋಕೆ ಸರಿಯಾದ ಒಂದು ಸ್ಪೋರ್ಟ್ಸ್ ಬ್ರಾ ಕೊಡಿಸಬೇಕು ಅಂತ ಹೊಳೆದಿರಲಿಲ್ಲ. ಟೈಲರ್ ಮಗಳು ನಾನು. ನನ್ನ ಎಂಟನೇ ಕ್ಲಾಸಿನಲ್ಲಿ ಅಮ್ಮ ನಾನು ಕೇಳುವ ಮೊದಲೇ, ಮಿಕ್ಕ ಬಿಳಿ ಪಾಪ್ಲಿನ್‌ನಲ್ಲಿ ಎರಡು ಬಾಡಿ ಹೊಲಿದು ತಲೆದಿಂಬಿನ ಕೆಳಗೆ ಇಟ್ಟಿದ್ದಳು, ಒಂದು ಮಾತೂ ಆಡದೆ. ಥ್ರೋಬಾಲ್ ಬಿಟ್ಟ ಆ ಹುಡುಗಿಗೂ ಬಹುಶಃ ಅಷ್ಟೇ ಬೇಕಿತ್ತೇನೋ.

ಅನ್ನ ಕಡಿಮೆ ಮಾಡು ಅನ್ನೋ ಮಾತಿಗೆ ಇನ್ನೊಂದು ಮುಖ ಇದೆ. ನಮ್ಮ ರಾಜ್ಯದಲ್ಲಿ ಹದಿನೈದರಿಂದ ಹತ್ತೊಂಬತ್ತರ ಹುಡುಗಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡುತ್ತಾರೆ. ತಿಂಡಿ ಬಿಟ್ಟು ಬಂದ ಹುಡುಗಿ ಅದನ್ನು ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತೆ, ಮುಂದಿನ ವಾರ ಮಾತ್ರೆ ಕಿಟಕಿಯಿಂದ ಆಚೆ. ಡುಮ್ಮಿ ಅಂತ ನಾವು ಕರೆಯುವ ಹುಡುಗಿಯ ರಕ್ತದಲ್ಲೂ ಕಬ್ಬಿಣ ಇಲ್ಲದೇ ಇರಬಹುದು, ಕಣ್ಣಳತೆಗೆ ಅದು ಗೊತ್ತಾಗೋದಿಲ್ಲ.

ನನ್ನ ಮಗಳಿಗೆ ಕ್ಷಮೆ ಕೇಳಿದೆ. ಕೇಳುವಾಗ ಉದ್ದ ಭಾಷಣ ಮಾಡಿಬಿಟ್ಟೆ, ನೀನು ಹೇಗಿದ್ದರೂ ಚೆಂದ ಅಂತೆಲ್ಲ. "ಅಮ್ಮಾ, ಕ್ರಿಂಜ್" ಅಂದು ರೂಮಿಗೆ ಹೋದಳು. ತಪ್ಪೇನಿಲ್ಲ, ಅದೂ ಮೈ ಬಗ್ಗೆಯೇ ಮಾತು, ಹೊಗಳಿಕೆಯದು ಅಷ್ಟೇ. ಈಗ ಬ್ಯಾಡ್ಮಿಂಟನ್‌ಗೆ ವಾರಕ್ಕೆ ಮೂರು ದಿನ ಹೋಗುತ್ತಾಳೆ. ಹೂಡಿ ಕೆಲವು ದಿನ ಇರುತ್ತೆ, ಕೆಲವು ದಿನ ಇರೋದಿಲ್ಲ. ಹಳದಿ ಟೀ ಶರ್ಟು ಬೀರುವಿನ ತಳದಲ್ಲೇ ಇದೆ.

ಹೋದ ತಿಂಗಳು ನನ್ನ ತಮ್ಮನ ಮದುವೆಗೆ ಅಂತ ಅಮ್ಮ ಬಂದಿದ್ದಳು. ಎಪ್ಪತ್ತು ದಾಟಿದೆ, ಮೆಷಿನ್ ತುಳಿಯೋದು ನಿಂತಿಲ್ಲ. ಮೊಮ್ಮಗಳಿಗೆ ಲಂಗ ರವಿಕೆ ತಾನೇ ಹೊಲಿಯಬೇಕು ಅಂತ ಹಟ. ಮಗಳು ಸೋಫಾ ಬಿಟ್ಟು ಏಳಲಿಲ್ಲ, "ಹಳೇ ಡ್ರೆಸ್ಸಿನ ಅಳತೆ ತಗೋ ಅಜ್ಜಿ" ಅಂದಳು. "ಹಳೇದು ಹೋದ ವರ್ಷದ ನೀನು, ಈಗ ನೀನು ಎಲ್ಲಿದ್ದೀಯೋ ಅಲ್ಲಿಗೆ ಹೊಲೀಬೇಕಲ್ಲ, ಬಾ." ಹೂಡಿ ಮೇಲಿಂದ ಟೇಪು ಹಾಕೋಕೆ ಬರೋದಿಲ್ಲ ಅಂದಳು ಅಮ್ಮ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಮಗಳು ಹೂಡಿ ತೆಗೆದು ಕುರ್ಚಿಯ ಮೇಲೆ ಎಸೆದಳು. ಭುಜ ಮುಂದಕ್ಕೆ ಬಾಗಿತ್ತು, ಅಮ್ಮನ ಅಂಗೈ ಬೆನ್ನಿಗೆ ಪಟ್ ಅಂತ ಬಿತ್ತು. ಟೇಪು ಸೊಂಟಕ್ಕೆ ಬಂತು, ಇವಳು ಉಸಿರು ಎಳೆದುಕೊಂಡಳು.

"ಉಸಿರು ಬಿಡೇ, ಅಳತೆ ತಪ್ಪುತ್ತೆ."

ನಾನು ಪೆನ್ನು ಹಿಡಿದು ಕಾಯುತ್ತಿದ್ದೆ, ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಬರೆಯೋಕೆ. ಅಮ್ಮ ಕೂಗಲಿಲ್ಲ. ಹೆಬ್ಬೆರಳ ಉಗುರು ಟೇಪಿನ ಮೇಲೆ ಒತ್ತಿ ನನ್ನ ಕಡೆ ತೋರಿಸಿದಳು. ಉಗುರು ಈಗ ಹಳದಿಯಾಗಿದೆ, ಬೆರಳು ಸ್ವಲ್ಪ ನಡುಗುತ್ತೆ. ನೋಡಿ ಬರೆದುಕೊಂಡೆ.

"ಎಷ್ಟು ಅಜ್ಜಿ?" ಅಂದಳು ಮಗಳು.

"ಹೊಲಿಯೋಳು ನಾನು, ನಿಂಗ್ಯಾಕೆ ಅದು? ತಿರುಗು, ಶೋಲ್ಡರ್ ತಗೋಬೇಕು."